ರಸಬಾಳೆಯ ಬಿಯರು, ಮೂರು ದಿನದ ಬೆಂಗಳೂರು

ಗಂಗಾಧರಸ್ವಾಮಿಯ ಫೋಟೋ ಬೆಂಗಳೂರಿನ ಪಬ್ಬೊಂದರ ಗೋಡೆ ಹತ್ತಿದ ದಿನ ಅಮೃತೇಶ ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟೆದ್ದ. ಫೋಟೋ ಅವನ ಮೊಬೈಲಿಗೇ ಬಂದಿತ್ತು. ಕಳಿಸಿದವಳು ಅರ್ಪಿತ, ಆ ಪಬ್ಬಿನಲ್ಲಿ ಬಿಯರು ತಯಾರಿಸುವವಳು. ಫೋಟೋದಲ್ಲಿ ಅವನ ಹಣೆ ತುಂಬ ವಿಭೂತಿ, ಹೆಗಲ ಮೇಲೆ ಬಾಳೆಗೊನೆ, ಮುಖದಲ್ಲಿ ಏನೂ ಅರಿಯದ ನಗು. ಕೆಳಗೆ ದೊಡ್ಡ ಅಕ್ಷರದಲ್ಲಿ, ‘ನಂಜನಗೂಡು ರಸಬಾಳೆ ಗೋಧಿ ಬಿಯರು. ಬಿಳಿಗೆರೆಯ ಗಂಗಾಧರಸ್ವಾಮಿಯವರ ತೋಟದಿಂದ’ ಎಂದು ಬರೆದಿತ್ತು. ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟದ ದೊಡ್ಡಪ್ಪನ ಮಗ ಬಿಯರಿನ ಗೋಡೆಯ ಮೇಲೆ ದೇವರಾಗಿ ಕೂತಿದ್ದ. ಅಮೃತೇಶ ಆ ಫೋಟೋವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ, ಮೂಲೆ ಮೂಲೆಯಲ್ಲೂ ತನ್ನ ಹೆಸರನ್ನು ಹುಡುಕಿದ. ಇರಲಿಲ್ಲ.

ಇರಬೇಕಿತ್ತು. ಅರ್ಪಿತ ಮೊದಲು ಬಂದದ್ದು ತಿ. ನರಸೀಪುರದಲ್ಲಿರುವ ಅವನ ಗೊಬ್ಬರದ ಅಂಗಡಿಗೆ. ನಿಜವಾದ ರಸಬಾಳೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಳು. ಅವನೇ ಅಂಗಡಿಗೆ ಬೀಗ ಹಾಕಿ, ತನ್ನ ಕಾರಿನಲ್ಲೇ ಅವಳನ್ನು ಬಿಳಿಗೆರೆಗೆ ಕರೆದುಕೊಂಡು ಹೋಗಿ, ಊರೆಲ್ಲ ಗಂಗಣ್ಣ ಎನ್ನುವ ಗಂಗಾಧರಸ್ವಾಮಿಯ ಮುಂದೆ ನಿಲ್ಲಿಸಿದ್ದ. ಅರ್ಧ ಗಂಟೆಯಲ್ಲಿ ಮಾತು ಮುಗಿದಿತ್ತು. ಹೊರಡುವಾಗ ಅವಳು ಅಮೃತೇಶನಿಗೆ ‘ಥ್ಯಾಂಕ್ಯೂ ಅಂಕಲ್’ ಎಂದಳು. ಅವನಿಗೆ ನಲವತ್ತೊಂದು, ಗಂಗಣ್ಣನಿಗೆ ಐವತ್ತೈದು. ಗಂಗಣ್ಣನನ್ನು ಅವಳು ‘ಸರ್’ ಎಂದಿದ್ದಳು.

ರಸಬಾಳೆ ಅಮೃತೇಶನಿಗೂ ಇತ್ತು. ಬಿಳಿಗೆರೆಯಲ್ಲೇ ಎರಡು ಎಕರೆ. ಏಳು ವರ್ಷದ ಹಿಂದೆ ಸೊರಗು ರೋಗ ಬಿತ್ತು. ಮೊದಲು ಕೆಳಗಿನ ಎಲೆ ಹಳದಿಯಾಗಿ ಜೋತುಬೀಳುತ್ತದೆ, ಆಮೇಲೆ ದಿಂಡು ಸೀಳುತ್ತದೆ, ಕಡಿದು ನೋಡಿದರೆ ಒಳಗೆಲ್ಲ ಕಂದು. ಮದ್ದು ಮಾರುವ ಅಂಗಡಿಯವನ ತೋಟಕ್ಕೇ ಮದ್ದಿರಲಿಲ್ಲ. ಎರಡೇ ವರ್ಷದಲ್ಲಿ ಒಂದು ಬುಡವೂ ಉಳಿಯದೆ, ಜಮೀನು ಬೀಳುಬಿತ್ತು. ಅದೇ ಊರಿನ ಗಂಗಣ್ಣನ ತೋಟ ಮಾತ್ರ ಅಲುಗಲಿಲ್ಲ. ಅವನು ಬೇಲಿಯ ಬಾಗಿಲಲ್ಲಿ ಸುಣ್ಣದ ನೀರಿನ ತೊಟ್ಟಿ ಇಟ್ಟು, ಒಳಗೆ ಬರುವವರೆಲ್ಲ ಚಪ್ಪಲಿ ಬಿಟ್ಟು ಕಾಲು ತೊಳೆಯಲೇಬೇಕು ಎನ್ನುತ್ತಿದ್ದ. ಆಗ ನಕ್ಕವರಲ್ಲಿ ಅಮೃತೇಶನೇ ಮೊದಲಿಗ.

ಈಗ ಅವನಿಗೂ ಒಂದು ದಾರಿ ತೆರೆದಿತ್ತು. ಹೆಮ್ಮರಗಾಲದಲ್ಲಿ ಮಾವ ಕೊಟ್ಟ ಜಮೀನಿನಲ್ಲಿ ಎಂಟುನೂರು ರಸಬಾಳೆ ಗಿಡ ನೆಟ್ಟಿದ್ದ. ಹೊಸ ಮಣ್ಣು, ಲ್ಯಾಬಿನಲ್ಲಿ ಬೆಳೆಸಿದ ರೋಗವಿಲ್ಲದ ಸಸಿ, ಐದು ತಿಂಗಳಿಗೆ ಎದೆಯುದ್ದ. ಇನ್ನೊಂದು ಸಲ ಕಳೆದುಕೊಂಡರೆ ಮತ್ತೆ ನೆಡುವ ಚೈತನ್ಯ ತನಗಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಪಿತಳಿಗೆ ಫೋನು ಮಾಡಿ, ಮುಂದಿನ ವರ್ಷ ತನ್ನ ಹಣ್ಣನ್ನೂ ತೆಗೆದುಕೊಳ್ಳಬೇಕು ಎಂದ. ಅವಳು ಬಹಳ ಮರ್ಯಾದೆಯಿಂದ, ನಮ್ಮದು ಒಂದೇ ತೋಟದ ಬಿಯರು ಅಂಕಲ್, ಅದೇ ಅದರ ವಿಶೇಷ, ಅವರ ತೋಟ ಇರೋವರೆಗೂ ಅವರದ್ದೇ ಎಂದಳು.

ಅವರ ತೋಟ ಇರೋವರೆಗೂ. ಆ ಮಾತನ್ನು ಅಮೃತೇಶ ರಾತ್ರಿಯೂ ಬಿಡಲಿಲ್ಲ, ಬೆಳಿಗ್ಗೆಯೂ ಬಿಡಲಿಲ್ಲ. ಮೂರನೆಯ ದಿನ ಯೋಜನೆ ಸಿದ್ಧವಾಗಿತ್ತು.

ಸೊರಗಿನ ಬೀಜ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಸಾಯುವುದಿಲ್ಲ. ಇದನ್ನು ಅವನು ಅಂಗಡಿಗೆ ಬಂದ ರೈತರಿಗೆಲ್ಲ ಹೇಳಿ ಹೇಳಿ ನಾಲಿಗೆ ಸವೆಸಿಕೊಂಡಿದ್ದ. ಅವನ ಬೀಳುಜಮೀನಿನಲ್ಲಿ ಆ ಮಣ್ಣು ಬೇಕಾದಷ್ಟಿತ್ತು. ಗಂಗಣ್ಣನ ತೋಟದಲ್ಲಿ ಆರುನೂರು ಬುಡ. ಒಂದೊಂದು ಬುಡದ ಬಳಿ ಗೇಣುದ್ದ ಕೆದಕಿ, ಒಂದು ಹಿಡಿ ಹಾಕಿ, ಮುಚ್ಚಿದರೆ ಸಾಕು. ಒಬ್ಬನೇ ಮಾಡಿದರೆ ದಿನಕ್ಕೆ ಇನ್ನೂರು. ಮೂರು ಹಗಲು ಬೇಕು. ರೋಗ ಕಾಣಿಸಿಕೊಳ್ಳುವುದು ತಿಂಗಳುಗಳ ನಂತರ. ಆಯುಧವಿಲ್ಲ, ರಕ್ತವಿಲ್ಲ, ಹೆಜ್ಜೆಗುರುತಿಲ್ಲ. ಬಾಳೆ ಸೊರಗಿದರೆ ಪೊಲೀಸರಿಗೆ ದೂರು ಕೊಟ್ಟವರು ಈ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಬೈಯಲು ಒಬ್ಬರು ಬೇಕೆಂದರೆ ಅವರೂ ಸಿದ್ಧವಿದ್ದರು. ಅರ್ಪಿತಳ ಜೊತೆ ವಿಡಿಯೊ ಮಾಡಲು ಬಂದಿದ್ದ ಪೇಟೆಯವರು ಬೂಟುಗಾಲಿನಲ್ಲಿ ತೋಟಕ್ಕೆ ನುಗ್ಗಿ, ಗಂಗಣ್ಣನಿಂದ ಬೈಸಿಕೊಂಡಿದ್ದನ್ನು ಊರೆಲ್ಲ ನೋಡಿತ್ತು.

ತೊಡಕು ಒಂದೇ. ಗಂಗಣ್ಣ ತೋಟ ಬಿಟ್ಟು ಕದಲುವ ಆಸಾಮಿಯಲ್ಲ. ಮೈಸೂರಿಗೆ ಮದುವೆಗೆ ಹೋದರೂ ಊಟದ ಎಲೆ ಎತ್ತುವ ಮುಂಚೆ ಬಸ್ಸು ಹತ್ತುತ್ತಿದ್ದ. ಇಂಥವನನ್ನು ಮೂರು ಹಗಲು ದೂರ ಇಡಬೇಕಿತ್ತು. ಹಾಗಾಗಿ ಅಮೃತೇಶ ಅವನಿಗೊಂದು ಬೆಂಗಳೂರು ಪ್ರವಾಸ ಕಟ್ಟಲು ಕೂತ.

ತನ್ನ ಮದುವೆಯಾದ ಹೊಸತರಲ್ಲಿ ನಯನಳನ್ನು ಊಟಿಗೆ ಕರೆದುಕೊಂಡು ಹೋದಾಗಲೂ ಅವನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಮೊದಲ ದಿನ ನಂಜನಗೂಡಿನಲ್ಲಿ ರೈಲು, ಮೈಸೂರಿನಲ್ಲಿ ಇನ್ನೊಂದು, ಸಂಜೆ ಬಸವನಗುಡಿಯ ದೊಡ್ಡ ಬಸವ. ಎರಡನೆಯ ದಿನ ಬೆಳಿಗ್ಗೆ ಲಾಲ್‌ಬಾಗು, ಬಿಸಿಲೇರುವ ಮುಂಚೆ ಕಬ್ಬನ್ ಪಾರ್ಕು, ಹೊರಗಿನಿಂದ ವಿಧಾನಸೌಧ, ಆಮೇಲೆ ಮೆಟ್ರೋ. ಸಂಜೆ ನಾಲ್ಕಕ್ಕೆ, ಕುಡಿಯುವವರ ಗದ್ದಲ ಶುರುವಾಗುವ ಮೊದಲೇ, ಅರ್ಪಿತಳ ಪಬ್ಬು. ಮೂರನೆಯ ದಿನ ಇನ್ನೆರಡು ಕಡೆ ಬಿಯರು ತಯಾರಿಸುವುದನ್ನು ನೋಡುವುದು. ಏಕೆಂದರೆ ತನ್ನ ಹಣ್ಣು ಎಲ್ಲಿಗೆ ಹೋಗಿ ಏನಾಗುತ್ತದೆ ಎಂದು ಬೆಳೆದವನಿಗೆ ತಿಳಿಯಬೇಡವೇ? ಅಮೃತೇಶ ಅದಕ್ಕಾಗಿ ಬಿಯರನ್ನೂ ಓದಿದ. ಮೊಳಕೆ ಬರಿಸಿದ ಬಾರ್ಲಿ, ಗೋಧಿ, ಕಹಿಗೆ ಹಾಕುವ ಹಾಪ್ಸ್ ಹೂವು, ಹುಳಿ ಬರಿಸುವ ಯೀಸ್ಟು, ಒಂದು ಹಲಗೆಯ ಮೇಲೆ ನಾಲ್ಕು ಪುಟ್ಟ ಲೋಟದಲ್ಲಿ ನಾಲ್ಕು ರುಚಿ. ಅರ್ಪಿತಳಿಗೆ ಹೇಳಿ ಗಂಗಣ್ಣನಿಗೆ ಆಹ್ವಾನವನ್ನೂ ತರಿಸಿಕೊಟ್ಟ. ಅವಳಿಗೆ ಖುಷಿಯೋ ಖುಷಿ, ಅಂಕಲ್ ಎಷ್ಟು ಒಳ್ಳೆಯವರು ಎಂದಳು.

ಗಂಗಣ್ಣ ಮಾತ್ರ ಎಮ್ಮೆಯಂತೆ ಕೂತ. ಹೆಂಡದಂಗಡಿಗೆ ಹೋದರೆ ಮಠದವರ ಮುಂದೆ ಮುಖ ತೋರಿಸುವುದು ಹೇಗೆ ಎಂಬುದು ಮೊದಲ ತಕರಾರು. ಅಮೃತೇಶ ಅದಕ್ಕೂ ಉತ್ತರ ಓದಿಕೊಂಡಿದ್ದ. ಯೀಸ್ಟು ಹಾಕುವ ಮುಂಚೆ ಬಿಯರು ಬರೀ ಗೋಧಿಯ ಸಿಹಿ ಕಷಾಯ, ಅದರಲ್ಲಿ ಮತ್ತು ಇಲ್ಲ, ನಿನಗೆ ಅದನ್ನೇ ಕೊಡುತ್ತಾರೆ ಎಂದ.

“ಅಲ್ಲ ಕಣ್ಲಾ ಅಮೃತ, ಕಸಾಯ ಕುಡಿಯಕ್ಕೆ ಬೆಂಗ್ಳೂರ್ಗಂಟ ಓಗ್ಬೇಕಾ? ನಿಮ್ಮತ್ಗೆ ಇಲ್ಲೇ ಕಾಯಿಸ್ಕೊಡ್ತಾಳೆ.”

ಅಮೃತೇಶನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೂ ನಕ್ಕ. ಗಂಗಣ್ಣನ ಹೆಂಡತಿ ಪುಟ್ಟಬಸಮ್ಮನ ಕಡೆಯಿಂದ ಕೆಲಸ ಶುರುಮಾಡಿದ. ತನ್ನ ಹೆಸರಿನ ದೊಡ್ಡ ಬಸವನನ್ನು ನೋಡಬೇಕೆಂಬ ಆಸೆ ಆಕೆಗೆ ಮೂವತ್ತು ವರ್ಷದ್ದು. ಎರಡೇ ದಿನದಲ್ಲಿ ಮನೆಯೊಳಗೆ ಮಾತು ನಿಂತು, ಮೂರನೆಯ ದಿನ ಗಂಗಣ್ಣ ಒಪ್ಪಿದ.

ಒಪ್ಪಿದರೆ ಆಯಿತೇ? ಸೋಮವಾರ ಬೇಡ, ನಂಜನಗೂಡಿನ ಸ್ವಾಮಿ ದರ್ಶನ ತಪ್ಪುತ್ತದೆ. ಬುಧವಾರ ಬೇಡ, ಅಮಾವಾಸ್ಯೆ. ಮುಂದಿನ ವಾರ ಹಸು ಕರು ಹಾಕುವಂತಿದೆ. ಅದರ ಮುಂದಿನ ವಾರ ಓರಗೆಯವರ ಮನೆ ಗೃಹಪ್ರವೇಶ. ಅಮೃತೇಶ ಎರಡು ಸಲ ರೈಲಿನ ಟಿಕೆಟ್ಟು ರದ್ದು ಮಾಡಿದ, ಮೂರು ಸಲ ರೂಮು ಬದಲಿಸಿದ. ಎಲ್ಲ ಮುಗಿದ ಮೇಲೆ ಗಂಗಣ್ಣ ಇನ್ನೊಂದು ತಕರಾರು ತೆಗೆದ. ನೀನೂ ಜೊತೆಗೆ ಬಾ, ನನಗೆ ಆ ಮೆಟ್ರೋ ಗಿಟ್ರೋ ಹತ್ತಲು ಬರುವುದಿಲ್ಲ ಎಂದ. ಒಬ್ಬ ಮನುಷ್ಯನನ್ನು ಹಾಳುಮಾಡಲು ಇಷ್ಟೊಂದು ಉಪಚಾರ ಮಾಡಬೇಕಾಗುತ್ತದೆ ಎಂದು ಅಮೃತೇಶನಿಗೆ ಯಾರೂ ಹೇಳಿರಲಿಲ್ಲ. ಅಂಗಡಿಗೆ ಬಂದು ಗೊಬ್ಬರದ ಮೂಟೆಗೆ ಜೋರಾಗಿ ಒದ್ದ. ಕಾಲಿಗೆ ನೋವಾಯಿತು.

ಆದರೆ ಈ ಕೊನೆಯ ತಕರಾರೇ ಅವನಿಗೆ ಬೇಕಾದ ಬಾಗಿಲನ್ನು ತೆರೆಯಿತು. ನಾನೂ ಬಂದರೆ ತೋಟ ನೋಡುವವರು ಯಾರಣ್ಣ, ಕೂಲಿಯವರ ಕೈಗೆ ಬಿಟ್ಟರೆ ಅವರು ಕಾಲು ತೊಳೆಯುತ್ತಾರಾ, ನಾನೇ ಮೂರು ದಿನ ಇದ್ದು ನೀರು ಕಟ್ಟುತ್ತೇನೆ ಎಂದ. ಗಂಗಣ್ಣ ಕಣ್ಣೊರೆಸಿಕೊಂಡ. ಗೇಟಿನ ಬೀಗದ ಕೈ ಅಮೃತೇಶನ ಅಂಗೈಗೆ ಬಂತು. ಕದ್ದು ನುಗ್ಗುವ ಅಗತ್ಯವೇ ಉಳಿಯಲಿಲ್ಲ.

ಅವರು ಹೊರಟದ್ದು ಶುಕ್ರವಾರ ಬೆಳಿಗ್ಗೆ. ರೈಲು ಮರೆಯಾಗುವವರೆಗೆ ಕೈ ಬೀಸಿ, ಅಮೃತೇಶ ನೇರ ತನ್ನ ಬೀಳುಜಮೀನಿಗೆ ಹೋದ. ಆರು ಚೀಲ ಮಣ್ಣು ತುಂಬಿ, ಮೇಲೆ ಬೇವಿನ ಹಿಂಡಿ ಹರಡಿ, ಕಾರಿನಲ್ಲಿ ಹಾಕಿಕೊಂಡು ಬಂದ. ದಾರಿಯಲ್ಲಿ ಯಾರಾದರೂ ಕೇಳಿದರೆ ಅಣ್ಣನ ತೋಟಕ್ಕೆ ಗೊಬ್ಬರ ಎನ್ನಬಹುದಿತ್ತು. ಇಬ್ಬರು ಕೇಳಿದರು, ಎಂಥ ತಮ್ಮ ಎಂದು ಹೊಗಳಿ ಹೋದರು.

ಕೆಲಸ ಅವನೆಣಿಸಿದ ಹಾಗೇ ನಡೆಯಿತು. ಕೆದಕುವುದು, ಹಾಕುವುದು, ಮುಚ್ಚಿ ನೀರು ಬಿಡುವುದು. ಮಧ್ಯೆ ಮಧ್ಯೆ ಮೊಬೈಲು ಸದ್ದು ಮಾಡುತ್ತಿತ್ತು. ದೊಡ್ಡ ಬಸವನ ಮುಂದೆ ಕೈಮುಗಿದ ಪುಟ್ಟಬಸಮ್ಮ. ಲಾಲ್‌ಬಾಗಿನ ಬಂಡೆಯ ಮೇಲೆ ಪಂಚೆ ಎತ್ತಿ ಕಟ್ಟಿದ ಗಂಗಣ್ಣ. ಎರಡನೆಯ ದಿನ ಸಂಜೆ, ಮುನ್ನೂರ ತೊಂಬತ್ತನೆಯ ಬುಡದಲ್ಲಿ ಕೂತಿದ್ದಾಗ, ಅರ್ಪಿತ ವಿಡಿಯೊ ಕಳಿಸಿದಳು. ಗಂಗಣ್ಣ ಬಿಯರಿನ ಲೋಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಕುಡಿಯದೆ ಹಾಗೇ ಇಟ್ಟ. ಆಮೇಲೆ ಅಲ್ಲಿದ್ದವರಿಗೆಲ್ಲ ಹೇಳಿದ. “ನಮ್ ಮಣ್ಣಿನ್ ವಾಸ್ನೆ ಬತ್ತದೆ ಕಣ್ರವ್ವ. ಈಗ ನನ್ ತಮ್ಮ ಕಾಯ್ತಾವ್ನೆ ಅದ್ನ. ಅವ್ನಿಲ್ದಿದ್ರೆ ನಾನೆಲ್ ಬರ್ತಿದ್ದೆ ಇಲ್ಗೆ.” ಜನ ಚಪ್ಪಾಳೆ ತಟ್ಟಿದರು. ಕೊನೆಗೂ ಆ ಪಬ್ಬಿನಲ್ಲಿ ಅಮೃತೇಶನಿಗೂ ಮರ್ಯಾದೆ ಸಿಕ್ಕಿತು. ಅವನು ವಿಡಿಯೊವನ್ನು ಇನ್ನೊಮ್ಮೆ ನೋಡಿದ. ಮೊಬೈಲನ್ನು ಜೇಬಿಗೆ ಹಾಕಿ, ಮುನ್ನೂರ ತೊಂಬತ್ತೊಂದನೆಯ ಬುಡಕ್ಕೆ ಸರಿದ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಆರುನೂರೂ ಮುಗಿಯಿತು. ಚೀಲಗಳನ್ನು ಸುಟ್ಟ. ಗುದ್ದಲಿ, ಸಣ್ಣ ಕಳೆಗುದ್ದಲಿ, ಕಾಲು, ಕಾರಿನ ಚಕ್ರ, ಎಲ್ಲವನ್ನೂ ಮದ್ದುನೀರಿನಲ್ಲಿ ಎರಡೆರಡು ಸಲ ತೊಳೆದ. ಉಟ್ಟ ಬಟ್ಟೆಯನ್ನೂ ಬೆಂಕಿಗೆ ಹಾಕಿದ. ಈ ಮಣ್ಣಿನ ಒಂದು ಕಣ ತನ್ನ ಹೆಮ್ಮರಗಾಲಕ್ಕೆ ಹೋಗಬಾರದೆಂದು ಹದಿನೈದು ದಿನ ಆ ಕಡೆ ತಲೆಯೇ ಹಾಕಕೂಡದು, ಎಲ್ಲವನ್ನೂ ನಯನಳೇ ನೋಡಿಕೊಳ್ಳಲಿ ಎಂದು ತೀರ್ಮಾನಿಸಿದ. ಗಂಗಣ್ಣ ವಾಪಸು ಬಂದು ತೋಟವನ್ನೆಲ್ಲ ಸುತ್ತಿ ನೋಡಿ, ಬುಡ ಕೆದಕಿ ಮಣ್ಣು ಏರಿಸಿದ್ದೀಯಲ್ಲ, ಹೇಳದ ಕೆಲಸವನ್ನೂ ಮಾಡಿದ್ದೀಯ ಎಂದು ಬೆನ್ನು ತಟ್ಟಿದ. ಅಮೃತೇಶ ಅಷ್ಟು ನಿರಾಳವಾಗಿ ನಿದ್ದೆ ಮಾಡಿ ಏಳು ವರ್ಷವಾಗಿತ್ತು.

ಅದಾದ ಹತ್ತನೆಯ ದಿನ ಅವನು ಅಂಗಡಿಯಲ್ಲಿ ರೈತನೊಬ್ಬನಿಗೆ ಸೊರಗಿನ ವಿಷಯವನ್ನೇ ವಿವರಿಸುತ್ತಿದ್ದಾಗ ನಯನ ಫೋನು ಮಾಡಿದಳು. ಅವಳ ದನಿ ಅರಳಿತ್ತು. ಹೆಮ್ಮರಗಾಲದಿಂದಲೇ ಮಾತಾಡುತ್ತಿದ್ದೇನೆ, ನಿಮಗೆ ಹೇಳಬೇಡ ಎಂದು ಭಾವ ಆಣೆ ಹಾಕಿದ್ದರು, ಕೆಲಸ ಮುಗಿಯುತ್ತ ಬಂತು, ಇನ್ನು ತಡೆಯಲಾರೆ ಎಂದಳು. ಒಬ್ಬರು ಬಂದು ನಮ್ಮ ಹೊಲದಲ್ಲಿ ಗೇದರೆ ಅಷ್ಟೇ ದಿನ ನಾವು ಅವರ ಹೊಲದಲ್ಲಿ ಗೇದು ಮುಯ್ಯಿ ತೀರಿಸುವುದು ಬಿಳಿಗೆರೆಯ ಹಳಬರಲ್ಲಿ ಇನ್ನೂ ಉಳಿದಿತ್ತು. ಹದಿನೈದು ವರ್ಷ ಅಂಗಡಿಯಲ್ಲಿ ಕೂತ ಅಮೃತೇಶ ಕೂಲಿ ಆಳಿಗೆ ಒಗ್ಗಿಹೋಗಿ, ಮುಯ್ಯಿ ಎಂಬ ಪದವನ್ನೇ ಮರೆತಿದ್ದ. ಗಂಗಣ್ಣ ಮರೆತಿರಲಿಲ್ಲ. ಮೂರು ದಿನಕ್ಕೆ ಮೂರು ದಿನ, ಗಂಡ ಹೆಂಡತಿ ಇಬ್ಬರೂ ಬಂದು ಅವನ ಎಂಟುನೂರು ಗಿಡಕ್ಕೂ ಕಳೆ ತೆಗೆದಿದ್ದರು. ಬರಿಗೈಯಲ್ಲಿ ಬರಬಾರದೆಂದು, ಹೊಸ ತೋಟಕ್ಕೆ ಹಳೆಯ ತೋಟದ ರುಚಿ ಹತ್ತಲೆಂದು, ತಮ್ಮ ಬುಡಬುಡದಿಂದಲೂ ಕೆರೆದ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದು ಗಿಡಕ್ಕೊಂದು ಬೊಗಸೆ ಹಾಕುತ್ತಿದ್ದರು. ಅಮೃತೇಶ ಸಾಕು ನಿಲ್ಲಿಸು ಎನ್ನಲು ಬಾಯಿ ತೆರೆದ. ಯಾಕೆ ನಿಲ್ಲಿಸಬೇಕು ಎಂದು ಕೇಳಿದರೆ ಹೇಳಲು ಅವನ ಬಳಿ ಒಂದೇ ಒಂದು ಕಾರಣವಿತ್ತು, ಅದನ್ನು ಹೇಳುವಂತಿರಲಿಲ್ಲ. “ಇನ್ನು ಇಪ್ಪತ್ ಗಿಡ ಅಷ್ಟೇ ಕಣ್ರೀ ಉಳಿದಿರಾದು,” ಎಂದಳು ನಯನ. “ನೀವ್ ಬರೋ ಒತ್ಗೆ ಅದೂ ಮುಗ್ದೋಯ್ತದೆ.”