ಮೊದಲ ಚೊಂಬು ತಣ್ಣೀರು

"ಐದು ಮನೆಯವರು ಹೂಂ ಅಂದಾಯ್ತು. ಸುಮಿತ್ರಮ್ಮೋರೆ, ನೀವೊಬ್ರು ಒಪ್ಬುಟ್ರೆ ಮುಗೀತು," ಅಂದರು ಸದಾಶಿವಯ್ಯ.

ಸುಮಿತ್ರಮ್ಮ ತಲೆ ಅಲ್ಲಾಡಿಸಿದರು. "ಆಗಲ್ಲ ಕಣಪ್ಪ. ತಾರಸಿ ಮೇಲೆ ಆ ಸೋಲಾರ್ ಬಂದ್ರೆ ನನ್ನ ಸಂಡಿಗೆಗೆ ನೆರಳಾಗುತ್ತೆ."

ಒಂಟಿಕೊಪ್ಪಲಿನ ಆ ಕಟ್ಟಡದಲ್ಲಿ ಇದ್ದದ್ದು ಆರೇ ಮನೆ. ಆರಕ್ಕೂ ಸೇರಿ ಒಂದು ಅಸೋಸಿಯೇಷನ್, ಅದಕ್ಕೆ ಸದಾಶಿವಯ್ಯ ಸೆಕ್ರೆಟರಿ. ತಾರಸಿ ಎಲ್ಲರದು, ಅಲ್ಲಿ ಯಾರು ಏನಿಡಬೇಕಾದರೂ ಆರು ಮನೆಯವರೂ ಒಪ್ಪಬೇಕು ಅನ್ನುವುದು ರೂಲ್. ಸ್ವಂತ ಮಗನ ಪಾರಿವಾಳದ ಗೂಡನ್ನೇ ಆ ರೂಲ್ ಹೇಳಿ ಕೆಳಗಿಳಿಸಿದವರು ಅವರು.

ಅಪ್ಪ ಅಮರೇಶ್ ಪಕ್ಕ ಕೂತಿದ್ದ ಲಾಸ್ಯಳ ಮುಖ ಸಣ್ಣದಾಯಿತು. ಸಂಕ್ರಾಂತಿ ಕಳೆದಿದ್ದರೂ ಚಳಿ ಕಳೆದಿರಲಿಲ್ಲ. ದಿನಾ ಅವಳ ಸ್ನಾನದ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಗೀಸರ್ ಗೋಡೆಯ ಮೇಲೆ ಶೋಕಿಗೆ ಕೂತ ಹಾಗೆ ಕೂತಿರುತ್ತಿತ್ತು. ತಣ್ಣೀರು ಮೈಗೆ ಬಿದ್ದಾಗ ಅವಳು ಕೂಗುವ ಕೂಗು ಮೇಲಿನ ಮನೆಗಳಿಗೂ ಕೇಳುತ್ತಿತ್ತು. ಅದಕ್ಕೇ ಅಪ್ಪ ಬಿಸಿಲಲ್ಲಿ ನೀರು ಕಾಯಿಸುವ ಸೋಲಾರ್ ಹೀಟರ್ ಹಾಕಿಸಲು ಹೊರಟಿದ್ದರು.

"ಬರೋ ಭಾನುವಾರ ಸಂಜೆ ಇನ್ನೊಂದ್ಸಲ ಕೂರೋಣ," ಅಂದರು ಸದಾಶಿವಯ್ಯ. "ಆಗ್ಲೂ ಬೇಡ ಅಂದ್ರೆ ಫೈಲ್ ಕ್ಲೋಸ್, ಅಮರೇಶ್."

ಲಾಸ್ಯ ಸುಮ್ಮನೆ ಕೂರುವವಳಲ್ಲ. ಹೀಟರ್ ಕೂರಿಸುವ ಮಹದೇವು ತಾರಸಿಯ ದಕ್ಷಿಣದ ಗೋಡೆ ಬದಿ ಜಾಗ ನೋಡಿ ಹೋಗಿದ್ದ. ಭಾನುವಾರ ಬೆಳಿಗ್ಗೆ ಅವಳು ಟೀವಿ ಬಂದಿದ್ದ ದೊಡ್ಡ ರಟ್ಟನ್ನು ಅದೇ ಜಾಗದಲ್ಲಿ, ಎರಡು ಕುರ್ಚಿಯ ಮೇಲೆ ಓರೆಯಾಗಿ ನಿಲ್ಲಿಸಿದಳು. ನೆರಳು ಸರಿದಂತೆಲ್ಲ ಅದರ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

ಎದುರು ಮನೆಯ ಸುಮಿತ್ರಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಏನವ್ವ, ತಾರಸಿಗೇ ಟೀವಿ ತಂದ್ಬುಟ್ಟಿದ್ದೀಯ?"

"ಇದೇ ಸೋಲಾರ್ ಅಂದ್ಕೊಳ್ಳಿ ಅಜ್ಜಿ. ನೀವು ಸಂಡಿಗೆ ಹಾಕೋದು ಅಲ್ಲಿ. ನೆರಳು ಇಲ್ಲಿಗೇ ನಿಂತ್ಕೊಳ್ತು, ನೋಡಿ."

"ಹೌದು ಕಣವ್ವ. ದಾಟಿಲ್ಲ," ಅಂದರು ಅಜ್ಜಿ.

ಗೆದ್ದೆ ಅಂದುಕೊಂಡಳು ಲಾಸ್ಯ. ಆದರೆ ಅಜ್ಜಿ ಗೆರೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ತಮ್ಮ ಗಿಡ್ಡ ಸ್ಟೂಲಿನ ಮೇಲೆ ಕೂತು ರಟ್ಟಿನ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕತ್ತು ಚಾಚಿದರು. ಆಮೇಲೆ ಗೋಡೆ ಹಿಡಿದು ಎದ್ದು, ಅದರ ಮೇಲಿಂದ ಇಣುಕಿದರು.

ಏನಿರಬಹುದು ಅಂತ ಲಾಸ್ಯ ಆ ಸ್ಟೂಲಿನ ಮೇಲೆ ಕೂತು ನೋಡಿದಳು. ಬರೀ ರಟ್ಟು. ಎದ್ದು ಹೋಗಿ ಅದನ್ನು ಕೆಳಗಿಳಿಸಿ, ಬಂದು ಮತ್ತೆ ಕೂತಳು. ತೆಂಗಿನ ಮರಗಳ ಆಚೆ ಚಾಮುಂಡಿ ಬೆಟ್ಟ, ಅದರ ತುದಿಗೆ ಅಕ್ಕಿಕಾಳಿನಷ್ಟು ಗೋಪುರ.

"ದಿನಾ ಇಲ್ಲೇ ಕೂರ್ತೀರಾ ಅಜ್ಜಿ?"

"ಮೊದ್ಲೆಲ್ಲ ಮೆಟ್ಲು ಹತ್ತಿ ಬೆಟ್ಟಕ್ಕೇ ಹೋಯ್ತಿದ್ದೆ. ಈಗ ಮಂಡಿ ಬಿಡಲ್ಲ. ಇಲ್ಲಿಂದ್ಲೇ ಕೈ ಮುಗಿದ್ರೆ ತಾಯಿ ಬೇಡ ಅಂತಾಳಾ?"

"ಮೀಟಿಂಗಲ್ಲಿ ಹೇಳ್ಬೋದಿತ್ತಲ್ವಾ?"

"ಮಗೂಗೆ ಬಿಸಿನೀರು, ಮುದುಕಿಗೆ ಬೆಟ್ಟ ಅಂದ್ರೆ ನನ್ನ ಕಡೆ ಯಾರವ್ವ ಕೈ ಎತ್ತೋರು? ಸಂಡಿಗೆ ಅಂದ್ರೆ ಬಾಯಿ ಮುಚ್ಕೋತಾರೆ. ಎಲ್ರೂ ತಿಂದಿದಾರಲ್ಲ." ಅಜ್ಜಿ ನಕ್ಕರು. ನಗು ಪೂರ್ತಿಯಾಗಲಿಲ್ಲ. "ಇರ್ಲಿ ಬುಡು. ಸಂಜೆ ಹೂಂ ಅಂತೀನಿ. ನೀನು ಕೂಗ್ಕೊಳೋದು ನಂಗೂ ಕೇಳುತ್ತೆ."

ಸಂಜೆ ಮೀಟಿಂಗಿಗೆ ಮಹದೇವುವೂ ಬಂದಿದ್ದ. ಸುಮಿತ್ರಮ್ಮ ಬಾಯಿ ತೆರೆಯುವ ಮೊದಲೇ ಲಾಸ್ಯ ಕೇಳಿದಳು, "ಅಂಕಲ್, ಹೀಟರನ್ನ ತಾರಸಿಯ ಪಶ್ಚಿಮದ ಮೂಲೆಗೆ ಹಾಕೋಕಾಗುತ್ತಾ?"

ಮಹದೇವು ಕೆನ್ನೆ ಕೆರೆದುಕೊಂಡ. "ಆಗುತ್ತೆ ಪುಟ್ಟಿ, ಬಿಸಿಲು ಅಲ್ಲೂ ಐತೆ. ನಿಮ್ಮನೆ ಈ ಕಡೆ ಇರೋದು, ಪೈಪು ಉದ್ದ ಆಗುತ್ತೆ ಅಷ್ಟೆ. ಪೈಪಲ್ಲಿ ನಿಂತಿರೋ ತಣ್ಣೀರೆಲ್ಲ ಹೋದ್ಮೇಲೇ ಬಿಸಿನೀರು ಬರೋದು. ದಿನಾ ಕಾಯ್ಬೇಕು."

"ಯಾಕೆ ಪುಟ್ಟಿ?" ಅಂದರು ಅಪ್ಪ. "ಸಂಡಿಗೆ ಮೇಲೆ ನೆರಳು ಬೀಳಲ್ಲ ಅಂತ ನೀನೇ ಗೆರೆ ಎಳ್ದಿದ್ದೀಯಲ್ಲ?"

ಲಾಸ್ಯ ಅಜ್ಜಿಯ ಕಡೆ ನೋಡಿದಳು. ಅಜ್ಜಿ ತಮ್ಮ ಸೆರಗಿನ ಅಂಚನ್ನೇ ನೋಡುತ್ತಿದ್ದರು.

"ನನ್ನ ಗೆರೆ ಸೊಟ್ಟ ಇತ್ತಪ್ಪ," ಅಂದಳು. "ಆ ಮೂಲೇನೇ ಇರ್ಲಿ. ನಾನು ಕಾಯ್ತೀನಿ."

ಸದಾಶಿವಯ್ಯ ಪೆನ್ನಿನ ಮುಚ್ಚಳ ತೆಗೆದರು. "ಸುಮಿತ್ರಮ್ಮೋರೆ?"

"ಹೂಂ," ಅಂದರು ಸುಮಿತ್ರಮ್ಮ. "ಹೂಂ ಕಣಪ್ಪ, ಹೂಂ."

ಹೀಟರ್ ಬಂದ ಮಾರನೆಯ ಬೆಳಿಗ್ಗೆಯೂ ಕರೆಂಟು ತಪ್ಪದೆ ಹೋಯಿತು. ಲಾಸ್ಯ ನಲ್ಲಿ ತಿರುಗಿಸಿ ಚೊಂಬು ಹಿಡಿದಳು. ಮೊದಲ ಚೊಂಬು ಮಂಜಿನ ಹಾಗೆ ಕೊರೆಯುತ್ತಿತ್ತು. ಅದನ್ನು ಬಕೆಟ್ಟಿಗೆ ಸುರಿದಳು. ಎರಡನೆಯದೂ ಅಷ್ಟೆ. ಇನ್ನೇನು ಅಮ್ಮನನ್ನು ಕೂಗಬೇಕು, ಅಷ್ಟರಲ್ಲಿ ಎದುರು ಮನೆಯ ಚಿಲಕ ತೆಗೆದ ಸದ್ದಾಯಿತು.

ಬಚ್ಚಲ ಗೋಡೆಯ ಆಚೆಯೇ ಮೆಟ್ಟಿಲು. ಟಪ್, ಆಮೇಲೆ ಒಂದು ಉಸಿರು. ಮತ್ತೆ ಟಪ್.

ಲಾಸ್ಯ ಕೂಗಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ಆ ಹೆಜ್ಜೆಗಳನ್ನು ಕೇಳುತ್ತಾ ನಿಂತಳು. ಅವು ಮೇಲೆ ಮೇಲೆ ಹೋಗಿ, ತಾರಸಿಯ ಬಾಗಿಲು ಕಿರ್ ಅನ್ನುವ ಹೊತ್ತಿಗೆ, ಅವಳ ಬೆರಳುಗಳ ಮೇಲೆ ನೀರು ಬೆಚ್ಚಗಾಗಿತ್ತು.