ಸಮುದ್ರದ ತೂಬು

"ಐದನೇ ಕ್ಲಾಸು ಪಾಸಾಗು ನಮ್ಮವ್ವಾ, ಮಂಗಳೂರಿಗೆ ಕರ್ಕಂಡು ಹೋಗಿ ಸಮುದ್ರ ತೋರಸ್ತೀನಿ," ಎಂದು ಅಪ್ಪ ಮಾತು ಕೊಟ್ಟಾಗ ಯಶೋಧಾ ಇನ್ನೂ ಎರಡನೇ ಕ್ಲಾಸು.

ಈಗ ಐದು ಪಾಸಾಗಿತ್ತು. ಮಂಗಳೂರಿಗೆ ಬಂದದ್ದೂ ಆಗಿತ್ತು. ಅಪ್ಪನ ತಗಡಿನ ಶೆಡ್ಡಿನ ಮುಂದೆ ಅವಳು ಎರಡು ಜಡೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದಳು. ಅಪ್ಪನ ಸ್ನಾನ ಇನ್ನೂ ಮುಗಿದಿರಲಿಲ್ಲ.

"ಇವತ್ತು ಮಳಿ ಬರತೈತಿ ನೋಡ್ರಲೇ!" ಬೊಮ್ಮಪ್ಪ ಮಾವ ಕೂಗಿದ. "ಹುಲುಗಣ್ಣ ರಜಾ ಹಾಕ್ಯಾನ! ಮೂರು ವರ್ಷದಾಗ ಒಂದು ಐತವಾರನೂ ಬಿಡಲಾರದಂಗ ದುಡದ ಮನುಷ್ಯಾ!"

"ಸುಮ್ನ ಕುಂದ್ರಲೇ," ಎಂದು ಅಪ್ಪ ಒದ್ದೆ ಟವೆಲ್ ಅವನ ಮೇಲೆ ಎಸೆದ.

ಬೊಮ್ಮಪ್ಪ ಮಾವನೂ ಅವರ ಗುಡೇಕೋಟೆಯವನೇ. ಅಪ್ಪನ ಜೊತೆ ಇಲ್ಲಿ ದೊಡ್ಡ ಬಿಲ್ಡಿಂಗ್ ಕಟ್ಟುವ ಕೆಲಸ. ಊರಿಗೆ ಹೋದವನು ವಾಪಸ್ ಬರುವಾಗ ಯಶೋಧಾಳನ್ನೂ ಕರೆತಂದಿದ್ದ. ಅವ್ವ ಹತ್ತು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು.

ಆದರೆ ಯಶೋಧಾ ನೋಡಬೇಕಾಗಿದ್ದದ್ದು ಬರೀ ಸಮುದ್ರ ಅಲ್ಲ. ಸಮುದ್ರದ ತೂಬು.

ಅವರೂರ ಕೆರೆಗೆ ಒಂದು ತೂಬು ಇದೆ. ನೀರಗಂಟಿ ಅಜ್ಜಯ್ಯ ಅದನ್ನು ಎತ್ತಿದರೆ ಸಾಕು, ಏರಿಯ ಬುಡದಿಂದ ನೀರು ಬುಳುಬುಳು ಅಂತ ಗದ್ದೆಗೆ ಓಡುತ್ತದೆ. ಒಂದು ಸಲ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದಾಗ ಅಪ್ಪ ಹೇಳಿದ್ದ: "ಸಮುದ್ರಕ್ಕೂ ನಮ್ಮ ಕೆರಿಗಿದ್ದಂಗ ಕಲ್ಲಿನ ಏರಿ ಐತಿ ಯಶೂ. ಎಷ್ಟುದ್ದ ಅಂತೀ! ಏರಿ ಐತಿ ಅಂದಮ್ಯಾಲೆ ತೂಬೂ ಐತಿ."

ಅಷ್ಟು ದೊಡ್ಡ ನೀರಿಗೆ ಎಷ್ಟು ಜನ ನೀರಗಂಟಿಗಳೋ! ಯಶೋಧಾ ಮರುದಿನವೇ ಇಡೀ ಕ್ಲಾಸಿಗೆ ಹೇಳಿದಳು. ಗುರುಬಸವರಾಜ ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕ.

"ಸಮುದ್ರಕ್ಕ ತೂಬಂತ! ನಿಮ್ಮಪ್ಪ ಬರೇ ಬುರುಡಿ ಬಿಡ್ತಾನ!"

"ನಮ್ಮಪ್ಪ ಅಲ್ಲೇ ಇರ್ತಾನ. ನೋಡ್ಯಾನ!"

"ಹೌದಾ? ಸೂಟಿಗೆ ಹೋಕ್ಕೀಯಲ್ಲ, ನೋಡ್ಕಂಡು ಬಾ. ತೂಬು ಇದ್ರ ನನ್ನ ಹೀರೋ ಪೆನ್ನು ನಿನಗ. ಇಲ್ಲಂದ್ರ 'ಯಶೋಧಾನ ಅಪ್ಪ ಸುಳ್ಳುಗಾರ' ಅಂತ ಬೋರ್ಡಿನ ಮ್ಯಾಲೆ ಬರೀತೀನಿ."

ಪೆನ್ನು ಬಂದರೆ ಬರಲಿ, ಬಿಟ್ಟರೆ ಬಿಡಲಿ. ಬೋರ್ಡಿನ ಮೇಲೆ ಅಪ್ಪನ ಹೆಸರು ಹಾಗೆ ಬರಬಾರದು.

ನಿನ್ನೆ ಸಂಜೆ ಅಪ್ಪ ಅವಳನ್ನು ಬಿಲ್ಡಿಂಗಿನ ಏಳನೇ ಮಾಳಿಗೆಗೆ ಹತ್ತಿಸಿದ್ದ. ತೆಂಗಿನ ಮರಗಳ ಆಚೆ, ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ನೀಲಿ ಗೆರೆ. ಅದರೊಳಗೆ ಚಾಚಿದ ಒಂದು ಸಣ್ಣ ಕಪ್ಪು ಗೆರೆ.

"ಅದ ನೋಡು ಸಮುದ್ರ. ಕರ್ರಗ ಐತಲ್ಲ, ಅದು ಏರಿ."

"ತೂಬು ಎಲ್ಲೈತಿ ಅಪ್ಪಾ?"

"ಇಲ್ಲಿಂದ ಕಾಣಂಗಿಲ್ಲವ್ವಾ," ಎಂದಿದ್ದ ಅಪ್ಪ.

ಸ್ನಾನ ಮುಗಿಸಿದ ಅಪ್ಪ ಅವ್ವನ ರೊಟ್ಟಿ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟ. ಬಸ್ಸು ಬಂತು. ಅಪ್ಪ ಬೇಗ ಹತ್ತಿ ಅವಳಿಗೆ ಕಿಟಕಿ ಸೀಟು ಹಿಡಿದ.

"ಸಮುದ್ರಕ್ಕ ಒಂದು ಫುಲ್ಲು, ಒಂದು ಆಫ್ ಕೊಡ್ರಿ," ಎಂದ.

ಕಂಡಕ್ಟರ್ ನಕ್ಕುಬಿಟ್ಟ. "ಯಾವ ಸಮುದ್ರಕ್ಕೆ ಮಾರಾಯ್ರೆ? ಪಣಂಬೂರಾ? ತಣ್ಣೀರುಬಾವಿಯಾ? ಸೋಮೇಶ್ವರವಾ?"

ಅಪ್ಪ ಯಶೋಧಾಳ ಮುಖ ನೋಡಿದ. ಆಮೇಲೆ ಕಂಡಕ್ಟರನ ಮುಖ ನೋಡಿದ. "ಕಲ್ಲಿನ ಏರಿ ಐತಲ್ರಿ... ಅಲ್ಲಿಗೆ."

"ಬಂದರಿನ ಕಲ್ಲಿನ ಗೋಡೆ ಹೇಳುದು ಅವರು. ಪಣಂಬೂರು ಕೊಡಿ," ಎಂದರು ಹಿಂದೆ ಕೂತಿದ್ದ ಅಮ್ಮ ಒಬ್ಬರು.

ಮೂರು ವರ್ಷದಿಂದ ಇಲ್ಲೇ ಇದ್ದಾನೆ. ಅಪ್ಪನಿಗೆ ಹೆಸರು ಗೊತ್ತಿಲ್ಲವೇ? ಯಶೋಧಾಗೆ ಏನೋ ಒಂಥರಾ ಆಯಿತು. ಕಿಟಕಿಯಾಚೆ ನೋಡುತ್ತಾ ಕೂತಳು.

ಬಸ್ಸಿಳಿದು ಸ್ವಲ್ಪ ದೂರ ನಡೆದರು. ಗಾಳಿಮರದ ಸಾಲು ದಾಟಿದ್ದೇ ತಡ, ಸಮುದ್ರ ಧಬ್ ಎಂದು ಎದುರಿಗೆ ಬಂದು ನಿಂತಿತು.

ಯಶೋಧಾ ಓಡಲಿಲ್ಲ. ಯಾಕೆಂದರೆ ಅಪ್ಪ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಹಿಡಿದುಕೊಂಡೇ ನಿಂತುಬಿಟ್ಟಿದ್ದ. ಬಾಯಿ ಸ್ವಲ್ಪ ತೆರೆದಿತ್ತು.

"ಹೋಗಾನ ಬಾ ಅಪ್ಪಾ!"

ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ಹೋದರು. ಮೊದಲ ಅಲೆ ಬಂದು ಕಾಲಿಗೆ ಬಡಿದಾಗ "ಯಪ್ಪೋ!" ಎಂದು ಕೂಗಿದ್ದು ಯಶೋಧಾ ಅಲ್ಲ, ಅಪ್ಪ. ನೀರು ಹಿಂದೆ ಸರಿಯುತ್ತಾ ಕಾಲಡಿಯ ಮರಳನ್ನು ಎಳೆದಾಗ ಅವಳ ಭುಜ ಹಿಡಿದು ಗಹಗಹಿಸಿ ನಕ್ಕ. ಆಮೇಲೆ ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡ. ಥೂ ಥೂ ಎಂದು ಉಗುಳಿದ.

"ಅಬಬಬಾ! ಇಷ್ಟು ಉಪ್ಪೇನವ್ವಾ ಇದು!"

ಅಂದವನೇ ಯಶೋಧಾಳ ಕಡೆ ತಿರುಗಿ ನೋಡಿದ. ಟವೆಲಿನಿಂದ ಮೀಸೆ ಒರೆಸಿಕೊಂಡ. "ಅಂದ್ರ... ಇವತ್ತು ಉಪ್ಪು ಜರಾ ಜಾಸ್ತಿ ಐತಿ," ಎಂದ.

ದೂರದಲ್ಲಿ ಕಲ್ಲಿನ ಏರಿ ಕಾಣುತ್ತಿತ್ತು. ಅಪ್ಪ ಹೇಳಿದ ಹಾಗೇ ಉದ್ದಕ್ಕೆ, ಕರ್ರಗೆ. ಆದರೆ ಅದರ ಈ ಕಡೆಯೂ ನೀರು, ಆ ಕಡೆಯೂ ನೀರು. ಎರಡೂ ಕಡೆ ನೀರಿದ್ದರೆ ತೂಬು ಯಾರಿಗೆ ಬೇಕು? ನೀರು ಬಿಡುವುದಾದರೂ ಎಲ್ಲಿಗೆ?

ಅಪ್ಪನೂ ಅದನ್ನೇ ನೋಡುತ್ತಿದ್ದ. ಹಣೆಗೆ ಕೈ ಅಡ್ಡ ಹಿಡಿದು ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ ಹುಡುಕುತ್ತಿದ್ದ.

"ಇಲ್ಲೇ ಎಲ್ಲೋ ಇರಬೇಕು ನೋಡು ಯಶೂ..." ಅವನ ದನಿ ಸಣ್ಣದಾಗಿತ್ತು. "ಚುರುಮುರಿ ಮಾರೋರನ್ನ ಕೇಳಿ ಬರ್ಲೇನು?"

ಯಶೋಧಾ ಅಪ್ಪನ ಕಾಲು ನೋಡಿದಳು. ಸಿಮೆಂಟಿಗೆ ಒಡೆದ ಹಿಮ್ಮಡಿಗಳು ಉಪ್ಪುನೀರಿಗೆ ಉರಿಯುತ್ತಿರಬೇಕು. ಆದರೂ ಅಪ್ಪ ನೀರಿನಿಂದ ಹೊರಗೆ ಬಂದಿರಲಿಲ್ಲ. ಆ ಏಳನೇ ಮಾಳಿಗೆ, ಆ ನೀಲಿ ಗೆರೆ, ಒಂದು ಐತವಾರವೂ ಬಿಡದೆ ದುಡಿದ ಎಂದು ಬೊಮ್ಮಪ್ಪ ಮಾವ ಹೇಳಿದ ಮಾತು ಎಲ್ಲ ನೆನಪಾಯಿತು.

ಗುರುಬಸವರಾಜ ಬರೆದರೆ ಬರೆಯಲಿ. ಡಸ್ಟರು ಇದ್ದೇ ಇದೆ.

"ಕೇಳೋದು ಬ್ಯಾಡ ಅಪ್ಪಾ," ಎಂದು ಅವಳು ಅವನ ಕೈ ಜಗ್ಗಿದಳು. "ತೂಬು ಹೋಗ್ಲಿ. ಅಲ್ನೋಡು, ದೊಡ್ಡ ಅಲಿ ಬಂತು! ಹಾರು ಅಂದಾಗ ಹಾರಬೇಕು, ಹ್ಞಾಂ? ಒಂದು, ಎರಡು..."

ಇಬ್ಬರೂ ಹಾರಿದರು. ಇಬ್ಬರೂ ಸೊಂಟದವರೆಗೆ ತೊಯ್ದರು. ರೊಟ್ಟಿ ಗಂಟೂ ತೊಯ್ಯಿತು. ಉಪ್ಪು ರೊಟ್ಟಿಯನ್ನೇ ಚಟ್ನಿಪುಡಿಯ ಜೊತೆ ತಿಂದು, ಹೊತ್ತು ಮುಳುಗುವವರೆಗೆ ಮರಳಿನ ಮೇಲೆ ಕೂತರು. ಅಪ್ಪನಿಗೆ ಏಳಲು ಮನಸ್ಸೇ ಇರಲಿಲ್ಲ. "ಇನ್ನೊಂದು ಜರಾ ಹೊತ್ತು," ಎನ್ನುತ್ತಿದ್ದ. ಯಶೋಧಾ "ಹ್ಞೂಂ" ಎನ್ನುತ್ತಿದ್ದಳು.

ಹೀರೋ ಪೆನ್ನು ಗುರುಬಸವರಾಜನ ಹತ್ತಿರವೇ ಉಳಿಯಿತು.

ಸಮುದ್ರ ತೋರಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ತೋರಿಸಿದ.