ಅಜಲೈಸಳ ಬಿರುಕು

"ಯಾರು... ಯಾರಲ್ಲಿ?!"

ಮಗಲೋನ್ ಬಾಗಿಲಲ್ಲೇ ನಿಂತುಬಿಟ್ಟಳು. ಪೆಯ್ರನೇಗ್ರ ಕೋಟೆಯ ಬುರುಜಿನೊಳಗೆ, ಮುಸ್ಸಂಜೆಯ ಮಬ್ಬಿನಲ್ಲಿ, ಗೋಡೆಗೆ ಮುಖ ಒತ್ತಿ ಯಾರೋ ನಿಂತಿದ್ದರು. ತಲೆಯಿಂದ ಕಾಲಿನವರೆಗೆ ಬರೀ ಬಿಳಿ!

ಆ ಆಕೃತಿ ತಿರುಗಿತು.

"ಹೆದರಬೇಡಿ! ನಾನು ಗಿಯೆಮ್, ತುಲೂಸ್‌ನಿಂದ ಬಂದಿರೋ ಎಂಜಿನಿಯರ್. ಗಾರೆ ಪುಡಿ ಸುರೀತಿದ್ದೆ, ನಿಮ್ಮೂರ ಗಾಳಿ ಎಲ್ಲಾನೂ ನನ್ನ ಮೈಮೇಲೆ ಎರಚಿಬಿಡ್ತು."

ಅವಳಿಗೆ ನಗು ಬಂತು. ಆಗಲೇ ಅವನ ಕೈ ಎಲ್ಲಿದೆಯೆಂದು ಕಂಡಿತು. ಗೋಡೆಯ ಆ ಹಳೆಯ ಬಿರುಕಿನ ಮೇಲೆ!

"ಅಯ್ಯೋ, ಅದನ್ನ ಮುಚ್ಚಬೇಡಿ!"

"ಮುಚ್ತಾ ಇಲ್ಲ ರೀ. ಬಿರುಕಿಗೆ ಅಡ್ಡ ಒಂದು ಗಾರೆಪಟ್ಟಿ, ಅಷ್ಟೆ. ಸಾಕ್ಷಿ ಅಂತೀವಿ ಇದಕ್ಕೆ. ಗೋಡೆ ಜರುಗಿದ್ರೆ ಪಟ್ಟಿ ನಡುವೆ ಸೀಳತ್ತೆ. ಸೀಳಿದ್ರೆ... ಅಪಾಯ ಅಂತ ಕೋಟೆಗೆ ಬೀಗ."

ಬೀಗ! ಮಗಲೋನ್ ಹುಟ್ಟಿದ್ದೇ ಈ ಕೋಟೆಯ ಕಾವಲುಮನೆಯಲ್ಲಿ. ಬೀಗ ಬಿದ್ದರೆ ಅವಳೂ ಅಜ್ಜಿ ಫಿಲೊಮೆನ್‌ಳೂ ಬೀದಿಗೆ.

ಆದರೂ ಹಾಳು ಮನಸ್ಸು ಮಾತು ಕೇಳಬೇಕಲ್ಲ! ಆ ವಾರವೆಲ್ಲ ಅವನಿಗೆ ಚೆಸ್ಟ್‌ನಟ್ ಸುಟ್ಟುಕೊಟ್ಟಳು. ಅವನೂ ಅಷ್ಟೇ, ಕೆಲಸ ಮುಗಿದರೂ ಬುರುಜಿನಿಂದ ಇಳಿಯುತ್ತಿರಲಿಲ್ಲ. "ಈ ಗೋಡೆ ಯಾಕೆ ಇಷ್ಟು ದಪ್ಪ?" ಎಂದು ತನಗೆ ಗೊತ್ತಿದ್ದದ್ದನ್ನೇ ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ಅವನು ಕೇಳಿಸಿಕೊಳ್ಳುವ ನೆಪದಲ್ಲಿ ನೋಡುತ್ತಿದ್ದ.

ಒಂದು ಮಧ್ಯಾಹ್ನ ಅವನು ಬಾಡಿದ ಮುಖ ಹೊತ್ತು ನಿಂತಿದ್ದ.

"ಪಟ್ಟಿ ಸೀಳಿದೆ. ಇನ್ನೊಂದು ಹಾಕಿದ್ದೆ... ಅದೂ ಸೀಳಿತು."

ಮಗಲೋನ್ ಉರಿದುಬಿದ್ದಳು.

"ನೀವೇ ಒಡೆದಿರಿ! ಮುಚ್ಚಿಸೋಕೇ ಬಂದೋರು ನೀವು. ನನ್ನ ಕೈತಿಂಡಿ ತಿಂದು ನನ್ನ ಮನೆಗೇ ಕನ್ನ ಹಾಕಿದ್ರಲ್ಲ!"

"ನನ್ನ ಬಗ್ಗೆ ಇಷ್ಟೇನಾ ನೀವು ತಿಳ್ಕೊಂಡಿದ್ದು?"

ಪ್ರೀತಿಗೆ ಕಣ್ಣಿಲ್ಲ ಅಂತಾರೆ. ಕೋಪ ಬಂದಾಗ ಕಿವಿಯೂ ಇರುವುದಿಲ್ಲ ನೋಡಿ! ಅವನ ದನಿ ನಡುಗಿದ್ದು ಅವಳಿಗೆ ಕೇಳಿಸಲೇ ಇಲ್ಲ.

ಅಷ್ಟರಲ್ಲಿ ಏದುಸಿರು ಬಿಡುತ್ತಾ ಅಜ್ಜಿ ಮೆಟ್ಟಿಲು ಹತ್ತಿ ಬಂದಳು.

"ಆ ಹುಡುಗನಿಗೆ ಯಾಕೆ ಬೈತೀಯ? ಒಡೆದೋಳು ನಾನು!"

"ಮೆಮೇ! ಅಜ್ಜೀ, ನೀನಾ?"

"ಮತ್ತಿನ್ನೇನು? ಈ ಊರಲ್ಲಿ ಆ ಬಿರುಕಿಗೆ ಯಾರಾದ್ರೂ ಗಾರೆ ಹಚ್ಚಿದ್ದುಂಟಾ? ನೂರಾರು ವರ್ಷದ ಹಿಂದೆ ದಂಡು ಕೋಟೆ ಒಳಗೆ ನುಗ್ಗಿದ ದಿನ ಅಜಲೈಸ್ ಅನ್ನೋ ಹುಡುಗೀನ ಇದರೊಳಗೆ ಬಚ್ಚಿಟ್ಟು ಗೋಡೆ ಕಟ್ಟಿದ್ದು ಅವಳನ್ನ ಪ್ರೀತಿಸಿದ ಕಲ್ಲುಕುಟಿಗ. ಉಸಿರಾಡೋಕೆ ಬಿರುಕು ಬಿಟ್ಟ. ಆಮೇಲೆ ಬಂದು ಬಿಡಿಸ್ತೀನಿ ಅಂದ. ಹೊರಗೆ ಅವನನ್ನ ಕೊಂದುಹಾಕಿದ್ರು. ಪಾಪ, ಇನ್ನೂ ಕಾಯ್ತಾ ಇದ್ದಾಳೆ. ಅವಳ ಬಾಯಿಗೆ ಗಾರೆ ಮೆತ್ತೋಕೆ ನೀನ್ಯಾರಯ್ಯಾ?"

"ಮೆಮೇ... ನೀನು ಒಡೆದಿದ್ದಕ್ಕೇ ನಮ್ಮ ಮನೆಗೆ ಬೀಗ ಬೀಳ್ತಿತ್ತು!"

ಮುದುಕಿ ಪೆಚ್ಚಾಗಿ ಕುಸಿದು ಕೂತಳು.

ಗಿಯೆಮ್ ಹೊಸ ಪಟ್ಟಿ ಹಾಕಿದ. ಮೂವರೂ ಅದನ್ನೇ ನೋಡುತ್ತಾ ಕೂತರು. ಗಾರೆ ಗಟ್ಟಿಯಾಯಿತು, ಬೆಳಕು ಇಳಿಯಿತು. ಬೆಳಗಿನಿಂದ ಬೀಸುತ್ತಿದ್ದ ಗಾಳಿ ಥಟ್ಟನೆ ನಿಂತುಬಿಟ್ಟಿತು.

ಆಗ... ಪಟ್ಟಿ ಮೆಲ್ಲಗೆ ಮುಂದಕ್ಕೆ ಬಂತು. ಒಳಗಿನಿಂದ ಯಾರೋ ಅಂಗೈಯಲ್ಲಿ ತಳ್ಳಿದ ಹಾಗೆ! ಮೊದಲು ಒಂದು ತುದಿ, ಆಮೇಲೆ ಇನ್ನೊಂದು. ಟಪ್ಪೆಂದು ನೆಲಕ್ಕೆ ಬಿತ್ತು. ಬಿರುಕಿನಿಂದ ಬೆಚ್ಚನೆಯ ಉಸಿರೊಂದು ಬಂದು ಮಗಲೋನಳ ಕೆನ್ನೆಗೆ ತಗುಲಿತು.

ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ಗಿಯೆಮ್ ಪಟ್ಟಿ ಎತ್ತಿದ. ಅದು ಇಡಿಯಾಗಿತ್ತು. ಒಂದು ಗೀರೂ ಇರಲಿಲ್ಲ.

"ಸೀಳಿಲ್ಲ... ಗೋಡೆ ಜರುಗಿಲ್ಲ! ಬೀಗ ಹಾಕ್ಬೇಕಾಗಿಲ್ಲ, ಮಗಲೋನ್!"

"ಹಾಗಾದ್ರೆ ಅದನ್ನ ತಳ್ಳಿದ್ದು?"

"ದಯವಿಟ್ಟು ಅದೊಂದು ಕೇಳಬೇಡಿ..."

"ಅವಳೇ ತಳ್ಳಿದ್ದು, ಇನ್ಯಾರು? ನೀವಿಬ್ಬರೂ ಒಳ್ಳೇ ಮೂಗಬಸವರ ಹಾಗೆ ನಿಂತಿದೀರಲ್ಲ!" ಎಂದು ಗೊಣಗಿ, ಒಲೆ ಮೇಲಿನ ಬೀನ್ಸ್ ಕಾಳು ಸೀದುಹೋಗತ್ತೆ ಎಂಬ ನೆಪ ತೆಗೆದು ಅಜ್ಜಿ ಇಳಿದುಹೋದಳು.

ಮಗಲೋನಳ ಕಣ್ಣು ತುಂಬಿತ್ತು. "ನಾನು ಆಡಿದ ಮಾತು... ಕ್ಷಮಿಸಿಬಿಡಿ."

"ನಾಳೆ ನಾನು ಹೊರಡಬೇಕಿತ್ತು. ಮತ್ತೆ ಬಂದಾಗ ಹೇಳೋಣ ಅಂದ್ಕೊಂಡಿದ್ದೆ." ಅವನು ಬಿರುಕಿನ ಕಡೆ ನೋಡಿದ, ಬೆವರು ಒರೆಸಿಕೊಂಡ. "ಮತ್ತೆ ಬರ್ತೀನಿ ಅನ್ನೋ ಮಾತನ್ನ ಈ ಗೋಡೆ ಮುಂದೆ ಆಡೋ ಧೈರ್ಯ ನನಗಿಲ್ಲ. ಈಗಲೇ ಹೇಳ್ತೀನಿ. ನೀನಂದ್ರೆ ನನಗೆ ಪ್ರಾಣ, ಮಗಲೋನ್. ನಾನು ಎಲ್ಲಿಗೂ ಹೋಗಲ್ಲ."

ಅವಳು ಅವನ ಗಾರೆ ಮೆತ್ತಿದ ಕೈ ಹಿಡಿದಳು. ಅವರ ಬೆನ್ನ ಹಿಂದೆ, ಬಿರುಕಿನೊಳಗೆ, ಯಾರೋ ನಿಡಿದಾಗಿ ಉಸಿರುಬಿಟ್ಟರು.

"ಇಲ್ಲೇ ಇರೋಕೆ... ಭಯ ಆಗಲ್ವಾ ನಿಂಗೆ?"

"ಆಗತ್ತೆ. ಕೈ ಬಿಡಬೇಡ."

"ಬಿಡಲ್ಲ."